ಒಂದು ದೊಡ್ಡ ಸಂಖ್ಯೆಯ ಪರೀಕ್ಷೆ

2ನ್ನು ಅದರಿಂದಲೇ ಗುಣಿಸಿದರೆ 4; 4ನ್ನು ಹಾಗೆಯೇ ಗುಣಿಸಿದರೆ 16; ಮುಂದೆ 256, ತರುವಾಯ 65,536. ಈ ಐದು ಸಂಖ್ಯೆಗಳಿಗೂ ಒಂದೊಂದನ್ನು ಕೂಡಿಸಿದರೆ 3, 5, 17, 257, 65,537 ದೊರೆಯುವುವು. ಇವೆಲ್ಲವೂ ಅವಿಭಾಜ್ಯಗಳು, ಅಂದರೆ ಒಂದನ್ನೂ ತಮ್ಮನ್ನೂ ಉಳಿದು ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಈ ಸಾಲು ಎಷ್ಟು ಬೆಳೆದರೂ ಹೀಗೆಯೇ ಇರುವುದೆಂದು ಫ್ರಾನ್ಸ್ ದೇಶದ ಗಣಿತಜ್ಞನಾದ ಫರ್ಮಾ 1640ರಲ್ಲಿ ನಂಬಿದನು; ಆದರೆ ಸಾಧಿಸಿ ತೋರಿಸಲಿಲ್ಲ.

ಸಾಲಿನ ಆರನೆಯ ಸಂಖ್ಯೆ 4,29,49,67,297. ಇದನ್ನು ಪರೀಕ್ಷಿಸಲು 65,536ರೊಳಗಿನ 6,542 ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಾದೀತು. ಅಷ್ಟು ಶ್ರಮವು ಅನಾವಶ್ಯಕ. ಇದರ ಅವಿಭಾಜ್ಯ ಭಾಜಕವು ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಶೇಷವಾಗಿ ಉಳಿಯಲೇಬೇಕೆಂದು ಆಯ್ಲರನು ಸಾಧಿಸಿದ್ದಾನೆ. ಅಂತಹ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಮೊದಲಿನ ನಾಲ್ಕರಿಂದ ಭಾಗಿಸಿದರೆ ಶೇಷವುಳಿಯುವುದು; ಐದನೆಯದರಿಂದ ಏನೂ ಉಳಿಯದು. 641ನ್ನು 67,00,417ರಿಂದ ಗುಣಿಸಿ ವಾಚಕರೇ ನೋಡಬಹುದು. ಪೀಟರ್ಸ್‌ಬರ್ಗ್ ನಗರದಲ್ಲಿದ್ದ ಆಯ್ಲರನು ಈ ಭಾಜಕವನ್ನು 1732ರಲ್ಲಿ ತಿಳಿಸಿದಾಗ, ತೊಂಬತ್ತೆರಡು ವರ್ಷಗಳ ನಂಬಿಕೆಯೊಂದು ಬಿದ್ದುಹೋಯಿತು.

ಈ ಸಾಲಿನಲ್ಲಿ ಆರನೆಯ ಅವಿಭಾಜ್ಯವೊಂದು ಇಂದಿನವರೆಗೂ ದೊರೆತಿಲ್ಲ. ಇಲ್ಲವೇ ಇಲ್ಲವೆಂದೂ ಯಾರೂ ಸಾಧಿಸಿಲ್ಲ.

ಐದು ನಿದರ್ಶನಗಳು ಕೂಡಿದರೂ ಒಂದು ನಿಯಮವಾಗದು. ಮಹಾಪಂಡಿತನ ಮಾತಾದರೂ ಕಾರಣವಿಲ್ಲದೆ ನಿಲ್ಲದು. ಆದುದರಿಂದ ಮನೆಯಲ್ಲಿ ಲೆಕ್ಕ ಮಾಡುವ ಬಾಲಕಿಯು, ಉತ್ತರವು ಸರಿಯಾಗಿದ್ದರೂ “ಇದು ಹೀಗೇಕೆ?” ಎಂದು ಕೇಳಿದರೆ ತಾಯಿತಂದೆಗಳು ಬೇಸರಪಡಬಾರದು. ಗಣಿತವು ಆರಂಭವಾಗುವುದು ಆ ಪ್ರಶ್ನೆಯಿಂದಲೇ.