ಲ್ಯಾಪ್‌ಟಾಪ್ ತಂದಿರಾ? ಮೊದಲು ಬೀಗದ ಕೈ ಯಾರಲ್ಲಿದೆ ನೋಡಿ

ನಮ್ಮದು ಸುಳ್ಯ ತಾಲೂಕಿನ ಒಂದು ಮೂಲೆ. ಎರಡೂವರೆ ಎಕ್ರೆ ಅಡಿಕೆ, ಅದಕ್ಕೆ ಹಬ್ಬಿಸಿದ ಕರಿಮೆಣಸು, ಬದಿಯಲ್ಲಿ ನಲುವತ್ತು ತೆಂಗು, ಎರಡು ದನ. ಇಷ್ಟಕ್ಕೆ ಕಂಪ್ಯೂಟರ್ ಎಂತಕ್ಕೆ ಅಂತ ಕೇಳಿದವರು ಬಹಳ ಮಂದಿ. ಮನೆಯವಳೂ ಕೇಳಿದ್ದಾಳೆ. ಕೂಲಿ ಲೆಕ್ಕ, ಗೊಬ್ಬರದ ಲೆಕ್ಕ, ಪಹಣಿ, ಬ್ಯಾಂಕಿನ ಕಾಗದ ಎಲ್ಲ ಒಂದೇ ಕಡೆ ಇರುತ್ತದೆ ಎಂಬುದು ಒಂದು ಕಾರಣ. ನಿಜವಾದ ಕಾರಣ ಬೇರೆ. ಅಪ್ಪ 1979ರಿಂದ ಮಳೆ ಅಳೆದು ಬರೆದಿಟ್ಟ ಪುಸ್ತಕಗಳಿದ್ದವು. ವರ್ಷಕ್ಕೆ 3500 ಮಿಲ್ಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಲ್ಲಿ, ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಹೋಗಿ ಅಳತೆ ನೋಡುವುದನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ. ಅದನ್ನು ಟೈಪ್ ಮಾಡಿ ಇಡಬೇಕೆಂದು 2023ರಲ್ಲಿ ಮೊದಲ ಲ್ಯಾಪ್‌ಟಾಪ್ ತಂದೆ.

1979ರಿಂದ 1996ರವರೆಗಿನದ್ದು ಟೈಪಾಯಿತು. ಆಗಿದ್ದಷ್ಟು ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಮಳೆಗಾಲ ಮುಗಿದು ನೋಡಿದರೆ ಗೆದ್ದಲು ಹಿಡಿದು ರಟ್ಟು ಮಾತ್ರ ಉಳಿದಿತ್ತು. ಹೋಗಲಿ, ಕಂಪ್ಯೂಟರಲ್ಲಿ ಉಂಟಲ್ಲ ಅಂತ ಸಮಾಧಾನ ಮಾಡಿಕೊಂಡೆ.

2024ರ ಆಗಸ್ಟಿನಲ್ಲಿ ಲ್ಯಾಪ್‌ಟಾಪ್ ಏಳಲಿಲ್ಲ. ರಿಪೇರಿಯವರು ಬಿಚ್ಚಿ ನೋಡಿ, ತೇವಕ್ಕೆ ಒಳಗಿನ ಮದರ್‌ಬೋರ್ಡ್ ಹಸಿರುಗಟ್ಟಿದೆ, ಬದಲಾಯಿಸಬೇಕು ಅಂದರು. ಬದಲಾಯಿಸಿದರು. ಗುಂಡಿ ಒತ್ತಿದರೆ ನೀಲಿ ಪರದೆ ಬಂತು, ಬಿಟ್‌ಲಾಕರ್ ರಿಕವರಿ ಕೀ ಕೊಡಿ ಅಂತ. ನಲುವತ್ತೆಂಟು ಅಂಕೆ. "ನಿಮ್ಮ ಖಾತೆಯಲ್ಲಿರುತ್ತದೆ, ನೋಡಿ" ಅಂದರು ರಿಪೇರಿಯವರು. ನನಗೆ ಖಾತೆ ಅಂದರೆ ಸೊಸೈಟಿಯದ್ದು, ಬ್ಯಾಂಕಿನದ್ದು. ಇದು ಯಾವ ಖಾತೆ?

ಬೀಗ ಹಾಕಿದ್ದು ಯಾರು?

ಸಂಗತಿ ಹೀಗೆ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪನ್ನು ಮೊದಲ ಸಲ ಚಾಲೂ ಮಾಡುವಾಗ ಅದು ಇಂಟರ್ನೆಟ್ ಕೇಳುತ್ತದೆ, ಆಮೇಲೆ ಒಂದು ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಖಾತೆ ಅಂದರೆ ಒಂದು ಈಮೈಲ್ ವಿಳಾಸ, ಅದಕ್ಕೊಂದು ಪಾಸ್‌ವರ್ಡ್. ಅದನ್ನು ಕೊಟ್ಟ ಕೂಡಲೇ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ತನ್ನಷ್ಟಕ್ಕೇ ಬೀಗ ಬೀಳುತ್ತದೆ. ಡಿವೈಸ್ ಎನ್‌ಕ್ರಿಪ್ಷನ್ ಅಂತ ಅದರ ಹೆಸರು. ಕಳ್ಳ ಲ್ಯಾಪ್‌ಟಾಪ್ ಕದ್ದು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೂ ಒಂದಕ್ಷರ ಓದಲಿಕ್ಕೆ ಆಗಬಾರದು ಎಂಬುದು ಉದ್ದೇಶ. ಒಳ್ಳೆಯದೇ. ದಿನನಿತ್ಯದ ಬೀಗದ ಕೈ ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿರುತ್ತದೆ, ಹಾಗಾಗಿ ನಮಗೆ ಬೀಗ ಇರುವುದೇ ಗೊತ್ತಾಗುವುದಿಲ್ಲ. ಮದರ್‌ಬೋರ್ಡ್ ಬದಲಾದರೆ ಆ ಚಿಪ್ಪೂ ಹೋಯಿತು. ಆಗ ಬೇಕಾಗುವ ಎರಡನೇ ಬೀಗದ ಕೈಯೇ ಈ ನಲುವತ್ತೆಂಟು ಅಂಕೆ. ಅದು ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲ, ಮೊದಲ ದಿನ ಯಾರ ಈಮೈಲ್ ಹಾಕಿದ್ದಾರೋ ಅವರ ಖಾತೆಯಲ್ಲಿರುತ್ತದೆ.

ನನ್ನದಕ್ಕೆ ಯಾರದ್ದು ಹಾಕಿದ್ದು? ಅಂಗಡಿಯ ಹುಡುಗನದ್ದು. "ನಿಮ್ಮ ಈಮೈಲ್ ಹೇಳಿ" ಅಂತ ಅವ ಕೇಳಿದ್ದ. ಪಾಸ್‌ವರ್ಡ್ ನೆನಪಿರಲಿಲ್ಲ. "ತೊಂದರೆ ಇಲ್ಲ, ನನ್ನದೇ ಹಾಕಿ ಕೊಡುತ್ತೇನೆ" ಅಂದ. ಉಪಕಾರ ಅಂತಲೇ ಮಾಡಿದ್ದು, ನಾನೂ ಹಾಗೇ ತಿಳಿದೆ. ನಮ್ಮ ಮನೆಗೆ ಹೊಸ ಬೀಗ ತಂದು ಒಂದು ಕೈಯನ್ನು ಅಂಗಡಿಯವನ ಕಿಸೆಯಲ್ಲೇ ಬಿಟ್ಟು ಬಂದ ಹಾಗೆ ಆಯಿತು ಅಂತ ಹೊಳೆದದ್ದು ಹದಿನಾಲ್ಕು ತಿಂಗಳ ಮೇಲೆ.

ಅಂಗಡಿಗೆ ಹೋದರೆ ಹುಡುಗ ಕೆಲಸ ಬಿಟ್ಟು ದುಬಾಯಿಗೆ ಹೋಗಿದ್ದ. ಬೇರೆ ಉಪಾಯ ಇದೆಯೇ ಅಂತ ಮೂವರು ತಿಳಿದವರಲ್ಲಿ ಕೇಳಿದೆ. ಕೀ ಇಲ್ಲದಿದ್ದರೆ ಡಿಸ್ಕ್ ಒರೆಸಿ ಹೊಸತಾಗಿ ವಿಂಡೋಸ್ ಹಾಕಬಹುದು, ಲ್ಯಾಪ್‌ಟಾಪ್ ನಡೆಯುತ್ತದೆ, ಒಳಗಿದ್ದದ್ದು ಸಿಕ್ಕುವುದಿಲ್ಲ ಅಂತ ಮೂವರೂ ಹೇಳಿದರು. ಹದಿನೆಂಟು ವರ್ಷದ ಮಳೆ! ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನಿಗೆ ಹೇಳಲಿಲ್ಲ.

ಮರುವಾರ ಹುಡುಗನ ಮನೆ ಹುಡುಕಿಕೊಂಡು ಹೋದೆ. ಅವನ ಅಮ್ಮ ಕಾಫಿ ಕೊಟ್ಟು ಮಗನ ನಂಬರ್ ಕೊಟ್ಟರು. ರಾತ್ರಿ ಅವನೇ ಫೋನ್ ಮಾಡಿದ. "ಅಣ್ಣಾ ಹೆದರಬೇಡಿ, ಆ ಈಮೈಲ್ ಈಗಲೂ ಉಂಟು" ಅಂದ. ಅವನ ಖಾತೆಯಲ್ಲಿ ಹನ್ನೊಂದು ಗಿರಾಕಿಗಳ ಕೀ ಇತ್ತಂತೆ! ನೀಲಿ ಪರದೆಯಲ್ಲಿ ಕೀ ಐಡಿ ಅಂತ ಒಂದು ಗುರುತು ಬರುತ್ತದೆ. ಅದರ ಮೊದಲ ಎಂಟು ಅಕ್ಷರ ಹೊಂದಿಸಿ ನೋಡಿ ನನ್ನದು ಯಾವುದೆಂದು ಪತ್ತೆ ಮಾಡಿದೆವು. ಅವ ಅಲ್ಲಿಂದ ಓದಿದ, ಮನೆಯವಳು ಅಡಿಕೆ ಬಿಲ್ಲಿನ ಹಿಂದುಗಡೆ ಬರೆದುಕೊಂಡಳು, ನಾನು ಒತ್ತಿದೆ. ತೆರೆಯಿತು.

ಅವನ ಆ ಈಮೈಲ್ ಮುಚ್ಚಿಹೋಗಿದ್ದರೆ? ಅವನ ಅಮ್ಮ ಊರು ಬಿಟ್ಟಿದ್ದರೆ? ಉಳಿದ ಹತ್ತು ಗಿರಾಕಿಗಳಿಗೆ ಇವತ್ತಿಗೂ ಗೊತ್ತಿದೆಯೋ ಇಲ್ಲವೋ.

ಎರಡನೇ ಸಲ ನಾನೇ ಕೂತೆ

ಆ ಲ್ಯಾಪ್‌ಟಾಪ್ ಮುಂದಿನ ಮಳೆಗಾಲ ದಾಟಲಿಲ್ಲ. 2025ರ ನವೆಂಬರಿನಲ್ಲಿ ಹೊಸತು ತಂದೆ, 42,000 ರೂಪಾಯಿ. ಡಬ್ಬ ಒಡೆಯಲೇಬೇಡಿ, ಮನೆಗೆ ಹೋಗಿ ನಾನೇ ಮಾಡುತ್ತೇನೆ ಅಂದೆ. ಹೊರಗೆ ಪೆಟ್ಟಾಗಿಲ್ಲ ಅಂತ ಮಾತ್ರ ಅಲ್ಲೇ ನೋಡಿಕೊಂಡೆ.

ಅದಕ್ಕೆ ಮೊದಲು ಮೊಬೈಲಿನಲ್ಲಿ ನನ್ನದೇ ಈಮೈಲಿನಿಂದ ಒಂದು ಮೈಕ್ರೋಸಾಫ್ಟ್ ಖಾತೆ ಮಾಡಿಕೊಂಡೆ. ಪಾಸ್‌ವರ್ಡನ್ನು ಮನೆಯ ಜಮಾಖರ್ಚಿನ ಪುಸ್ತಕದಲ್ಲಿ ಬರೆದೆ. ಪಾಸ್‌ವರ್ಡ್ ಬರೆದಿಡಬಾರದು ಅನ್ನುತ್ತಾರೆ ಪೇಟೆಯವರು. ನನ್ನ ಪ್ರಕಾರ ನಮ್ಮಂಥವರಿಗೆ ಕಳ್ಳನಿಗಿಂತ ಮರೆವಿನ ಕಾಟ ಹೆಚ್ಚು. ಬರೆದು ಕಪಾಟಿನಲ್ಲಿಡಿ, ಲ್ಯಾಪ್‌ಟಾಪಿನ ಚೀಲದಲ್ಲಿ ಬೇಡ.

ಮೊದಲ ದಿನಕ್ಕೆ ಮೊಬೈಲಿನ ಡಾಟಾ ಸಾಲದು. ಹೊಸ ಲ್ಯಾಪ್‌ಟಾಪ್ ಅಪ್‌ಡೇಟ್ ಅಂತ ಹಲವು ಜಿಬಿ ಎಳೆದುಕೊಳ್ಳುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿದವರಿಗೆ ಅರ್ಧದಲ್ಲೇ ಮುಗಿಯುತ್ತದೆ. ಫೈಬರ್ ಇಂಟರ್ನೆಟ್ ಇರುವ ನೆರೆಮನೆಯಲ್ಲಿ ಒಂದು ಮಧ್ಯಾಹ್ನ ಕೂತು ಮುಗಿಸಿದೆ. ಆಮೇಲೆ ಮನೆಯಲ್ಲಿ ಮೊಬೈಲಿನಿಂದ ಹಾಟ್‌ಸ್ಪಾಟ್ ಕೊಡುವಾಗ ವೈಫೈಯ ಸೆಟ್ಟಿಂಗಿನಲ್ಲಿ 'ಮೀಟರ್ಡ್ ಕನೆಕ್ಷನ್' ಎಂಬುದನ್ನು ಆನ್ ಮಾಡಿಟ್ಟೆ. ಹಾಗೆ ಮಾಡಿದರೆ ದೊಡ್ಡ ಅಪ್‌ಡೇಟುಗಳು ನಮ್ಮನ್ನು ಕೇಳದೆ ಡಾಟಾ ಕುಡಿಯುವುದು ಕಡಿಮೆಯಾಗುತ್ತದೆ.

ಇನ್ನು ಬೀಗದ ಕೈ. ಸೆಟ್ಟಿಂಗ್ಸ್, ಅದರಲ್ಲಿ ಪ್ರೈವೆಸಿ ಅಂಡ್ ಸೆಕ್ಯೂರಿಟಿ, ಅದರೊಳಗೆ ಡಿವೈಸ್ ಎನ್‌ಕ್ರಿಪ್ಷನ್. ಅದು ಆನ್ ಇದ್ದರೆ ಬೀಗ ಬಿದ್ದಿದೆ ಅಂತ ಅರ್ಥ. ಮೊಬೈಲಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು, ಡಿವೈಸಸ್ ಎಂಬಲ್ಲಿ ರಿಕವರಿ ಕೀ ಹುಡುಕಿ, ಕಾಗದದಲ್ಲಿ ಬರೆದುಕೊಳ್ಳಿ. ಆರಂಕಿಯ ಎಂಟು ಗುಂಪು. ಬರೆದದ್ದು ಸರಿಯೋ ತಪ್ಪೋ ನೋಡಲು ಒಂದು ದಾರಿ ಉಂಟು: ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗಬೇಕು. ಆಗದಿದ್ದರೆ ಆ ಗುಂಪಿನಲ್ಲಿ ಒಂದು ಅಂಕೆ ತಪ್ಪಿದೆ. ನಾನು ಬರೆದದ್ದರಲ್ಲಿ ಐದನೇ ಗುಂಪು ಹೀಗೇ ಸಿಕ್ಕಿಬಿತ್ತು, 3ನ್ನು 8 ಮಾಡಿದ್ದೆ.

ಈಗಾಗಲೇ ಲ್ಯಾಪ್‌ಟಾಪ್ ಇರುವವರು ಇವತ್ತೇ ಸೆಟ್ಟಿಂಗ್ಸಿನಲ್ಲಿ ಅಕೌಂಟ್ಸ್ ತೆರೆದು ಅಲ್ಲಿ ಯಾರ ಈಮೈಲ್ ಇದೆ ಅಂತ ನೋಡಿ. ಮಗನದ್ದೋ ಅಳಿಯನದ್ದೋ ಆದರೆ ಒಂದು ಫೋನ್ ಮಾಡಿ ಕೀ ತರಿಸಿಕೊಳ್ಳಿ. ಅಂಗಡಿಯವರದ್ದಾದರೆ ತಡಮಾಡಬೇಡಿ.

ಜಿಬಿಯ ಅಳತೆ, ಮೋಡದ ಚಿಹ್ನೆ

ಡಬ್ಬದ ಮೇಲೆ 512 ಜಿಬಿ ಅಂತ ಬರೆದಿತ್ತು, ಒಳಗೆ ನೋಡಿದರೆ 476. ಮೋಸ ಆಯಿತು ಅಂತ ಮೊದಲ ಸಲ ಅಂಗಡಿಗೆ ಜಗಳಕ್ಕೆ ಹೊರಟವ ನಾನು. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಹಿಂದೆ ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮ ಇರುತ್ತಿರಲಿಲ್ಲವಲ್ಲ, ಹಾಗೆ. ಅಕ್ಕಿ ಅಷ್ಟೇ.

ಜೊತೆಗೆ ಬರುವ ಒಂದು ತಿಂಗಳ ಪುಕ್ಕಟೆ ಆಂಟಿವೈರಸ್ ತೆಗೆದುಬಿಟ್ಟೆ. ವಿಂಡೋಸಿನ ಒಳಗೇ ಇರುವ ಡಿಫೆಂಡರ್ ನಮಗೆ ಸಾಕು. ಲೆಕ್ಕಕ್ಕೆ ಲಿಬ್ರೆ ಆಫೀಸ್ ಹಾಕಿದೆ. ಅದಕ್ಕೆ ದುಡ್ಡಿಲ್ಲ, ಎಕ್ಸೆಲ್ ಕಡತಗಳೂ ತೆರೆಯುತ್ತವೆ.

ಒಂದರ ಬಗ್ಗೆ ಎಚ್ಚರ ಬೇಕು. ನಾವು ಡೆಸ್ಕ್‌ಟಾಪಿನಲ್ಲಿ, ಡಾಕ್ಯುಮೆಂಟ್ಸಿನಲ್ಲಿ ಇಟ್ಟದ್ದು ಒನ್‌ಡ್ರೈವ್ ಎಂಬ ಕಂಪೆನಿಯ ಉಗ್ರಾಣಕ್ಕೂ ಹೋಗುವ ಹಾಗೆ ಮೊದಲ ದಿನವೇ ಸೆಟ್ ಆಗಿರಬಹುದು. ಪುಕ್ಕಟೆ ಜಾಗ 5 ಜಿಬಿ. ಫೋಟೋ ತುಂಬಿದರೆ ಅದು ಬೇಗ ಮುಗಿದು 'ಜಾಗ ಇಲ್ಲ' ಅಂತ ಗಲಾಟೆ ಸುರು. ಕಡತದ ಪಕ್ಕ ಮೋಡದ ಚಿಹ್ನೆ ಕಂಡರೆ ಆ ಕಡತ ಪೂರ್ತಿಯಾಗಿ ನಿಮ್ಮ ಲ್ಯಾಪ್‌ಟಾಪಿನಲ್ಲಿಲ್ಲ, ಇಂಟರ್ನೆಟ್ ಇದ್ದರೆ ಮಾತ್ರ ತೆರೆಯುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನೆಟ್‌ವರ್ಕ್ ಇಲ್ಲದ ನಮ್ಮಲ್ಲಿ ಇದು ಆಗಿಬರುವ ಮಾತಲ್ಲ. ಸಿ ಡ್ರೈವಿನಲ್ಲಿ 'ತೋಟ' ಅಂತ ನನ್ನದೇ ಒಂದು ಫೋಲ್ಡರ್ ಮಾಡಿ ಎಲ್ಲ ಅದರಲ್ಲೇ ಇಡುತ್ತೇನೆ. ಹೆಸರು ಕೊಡುವಾಗ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ ಬರೆಯಿರಿ. ಎಲ್ಲ ಸಾಲಾಗಿ ನಿಲ್ಲುತ್ತವೆ.

ಕನ್ನಡ ಬರೆಯುವುದು

ಸೆಟ್ಟಿಂಗ್ಸಿನ ಭಾಷೆಯ ವಿಭಾಗದಲ್ಲಿ ಕನ್ನಡ ಸೇರಿಸಿದರೆ ಸಾಕು, ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದಾಗ ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತದೆ. ಆದರೆ ನಾನು ಕಲಿತದ್ದು ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ. ನಮ್ಮ ಜಿಲ್ಲೆಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಅದರದ್ದು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ ಎಫ್. ನಾಲ್ಕು ದಿನದಲ್ಲಿ ಬೆರಳಿಗೆ ಬರುತ್ತದೆ. ನುಡಿಗೂ ದುಡ್ಡು ಕೊಡಬೇಕಿಲ್ಲ.

ಹಳೆಯ ಕಡತ ಇರುವವರಿಗೆ ಒಂದು ಮಾತು. ನುಡಿ, ಬರಹದ ಹಳೆಯ ಅಕ್ಷರಗಳಲ್ಲಿ ಬರೆದದ್ದು ಹೊಸ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಗೀಚಿನ ಹಾಗೆ ಕಾಣುತ್ತದೆ. ಹಾಳಾಯಿತು ಅಂತ ಅಳಿಸಬೇಡಿ. ಆಗಿನ ಅಕ್ಷರಗಳು ಇಂಗ್ಲಿಷಿನ ಜಾಗದಲ್ಲಿ ಕನ್ನಡದ ವೇಷ ಹಾಕಿ ಕೂತವು. ಈಗಿನ ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗ ಉಂಟು. ಹಳತನ್ನು ಯುನಿಕೋಡಿಗೆ ಬದಲಾಯಿಸುವ ಸಾಧನ ನುಡಿಯಲ್ಲೇ ಇದೆ.

ಕರೆಂಟು, ಸಿಡಿಲು, ತೇವ

ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ಪಂಪು ನಡೆಯುವ ಹೊತ್ತಿಗೆ ನಮ್ಮಲ್ಲಿ 150ಕ್ಕೆ ಇಳಿದರೂ ಅದಕ್ಕೆ ತೊಂದರೆಯಿಲ್ಲ. ಭಯ ಇರುವುದು ಏರುವಾಗ, ಮರ ಬಿದ್ದು ನ್ಯೂಟ್ರಲ್ ತಂತಿ ಕಡಿದಾಗ. ಲೋಹದ ಮೈ ಮುಟ್ಟಿದಾಗ ಜುಮ್ ಅಂದರೆ ಅರ್ತಿಂಗ್ ನೋಡಿಸಿ. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹೊಯ್ಯುವುದನ್ನು ಎಷ್ಟು ಜನ ನೆನಪಿಡುತ್ತೇವೆ?

ಏಪ್ರಿಲ್-ಮೇಯಲ್ಲಿ, ಅಕ್ಟೋಬರ್-ನವೆಂಬರಿನಲ್ಲಿ ಗುಡುಗು ಕೇಳಿದರೆ ಪ್ಲಗ್ ಕಿತ್ತೇ ಇಡಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್ನೆಟ್ಟಿನ ತಂತಿ ಸಿಕ್ಕಿಸಿದ್ದರೆ ಅದನ್ನೂ ತೆಗೆಯಿರಿ. ಸ್ಪೈಕ್ ಗಾರ್ಡ್ ಸಣ್ಣಪುಟ್ಟ ಏರಿಳಿತಕ್ಕೆ ಸರಿ, ಹತ್ತಿರದ ಸಿಡಿಲಿಗೆ ಅಲ್ಲ.

ತೇವದ ವಿಷಯದಲ್ಲಿ ನಾನು ಮಾಡಿದ ತಪ್ಪು, ಮಳೆಗಾಲದಲ್ಲಿ ಜೋಪಾನ ಅಂತ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟದ್ದು. ಒಳಗಿನ ತೇವ ಒಳಗೇ ಉಳಿಯಿತು. ಈಗ ಜೂನ್-ಸೆಪ್ಟೆಂಬರಿನಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೊಂದು ಗಂಟೆ ಚಾಲೂ ಇಡುತ್ತೇನೆ, ತನ್ನ ಬಿಸಿಗೆ ತಾನೇ ಒಣಗುತ್ತದೆ. ಬ್ಯಾಟರಿಯನ್ನು 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಹಲವು ಲ್ಯಾಪ್‌ಟಾಪುಗಳಲ್ಲಿದೆ. ಮನೆಯಲ್ಲೇ ಇಟ್ಟು ಬಳಸುವವರು ಅದನ್ನು ಹಾಕಿಕೊಂಡರೆ ಬ್ಯಾಟರಿ ಹೆಚ್ಚು ಬಾಳುತ್ತದೆ. ಬಚ್ಚಲು ಒಲೆಯ ಹೊಗೆ ಬರುವ ಜಗಲಿ ಬೇಡ. ಬೆಲ್ಲ ತಿಂದ ಕೈಯಲ್ಲಿ ಟೈಪ್ ಮಾಡಿದರೆ ಕೀಲಿಗಳ ಸಂದಿಗೆ ಇರುವೆ ಬರುವುದು ಖಂಡಿತ.

ಪ್ರತಿ ಇನ್ನೊಂದು

ಈ ಸಲ ಮಳೆ ಲೆಕ್ಕದ ಕಡತ ಲ್ಯಾಪ್‌ಟಾಪಿನಲ್ಲಿ ಒಂದು, ಕಪಾಟಿನ ಪೆನ್ ಡ್ರೈವಿನಲ್ಲಿ ಒಂದು, ಪುತ್ತೂರಿನಲ್ಲಿರುವ ತಂಗಿಯ ಮನೆಯಲ್ಲಿ ಒಂದು. ಒಂದೇ ಮನೆಯಲ್ಲಿ ಮೂರು ಪ್ರತಿ ಇಟ್ಟರೆ ಒಂದೇ ಸಿಡಿಲು ಸಾಕಲ್ಲ. ಪ್ರತಿ ಮಾಡಿದ ಪೆನ್ ಡ್ರೈವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿಯೇ ಬಿಡಬೇಡಿ. ತಂಗಿಯ ಕಂಪ್ಯೂಟರಿನಲ್ಲಿ ತೆರೆದು, 1982ರ ಜುಲೈ ತಿಂಗಳ ಸಾಲುಗಳು ಸರಿಯಾಗಿ ಕಾಣುತ್ತವೋ ಅಂತ ನೋಡಿಯೇ ಬಂದೆ. ತೆರೆದು ನೋಡದ ಪ್ರತಿ ಮೊಳಕೆ ಪರೀಕ್ಷೆ ಮಾಡದ ಬೀಜದ ಹಾಗೆ.

1997ರಿಂದ ಈಚೆಗಿನ ಪುಸ್ತಕಗಳು ಅಟ್ಟದಲ್ಲಿಲ್ಲ, ಕಬ್ಬಿಣದ ಟ್ರಂಕಿನಲ್ಲಿವೆ. 2003ರವರೆಗೆ ಟೈಪಾಗಿದೆ. ಅಡಿಕೆ ಸುಲಿದು ಮುಗಿದ ಮೇಲೆ ಮುಂದಿನದ್ದಕ್ಕೆ ಕೂರಬೇಕು. ಅಪ್ಪ ಪಕ್ಕದಲ್ಲಿ ಕನ್ನಡಕ ಹಾಕಿ ಕೂತು ಓದಿ ಹೇಳುತ್ತಾರೆ.