ನಿಮಗಿದು ಗೊತ್ತೆ? ಗಾಂಜಾ ಗಿಡಕ್ಕೂ ನಿಂಬೆಯ ಘಮ!

ಅಫಜಲಪುರದ ನೆರೆಯ ಇಂಡಿ ಸೀಮೆ ನಿಂಬೆಗೆ ಹೆಸರುವಾಸಿ. ಆ ನಿಂಬೆಯ ಸಿಪ್ಪೆ ಹಿಂಡಿದಾಗ ಮೂಗಿಗೆ ಬಡಿಯುವ ಘಮಕ್ಕೆ ಒಂದು ಕಾರಣ ಲಿಮೊನೀನ್ ಎಂಬ ತೈಲಾಂಶ. ಇದೇ ಅಂಶ ಗಾಂಜಾದ ಹೆಣ್ಣು ಹೂವಿನ ಮೇಲಿರುವ ಅಂಟು ರೋಮಗಳಲ್ಲೂ ಉತ್ಪತ್ತಿಯಾಗುತ್ತದೆ. ವಿದೇಶಗಳ 'ಸೂಪರ್ ಲೆಮನ್ ಹೇಜ್'ನಂಥ ಸಂಕರ ತಳಿಗಳ ಪರಿಮಳಕ್ಕೆ ಇದೂ ಒಂದು ಕಾರಣ. ಹೆಸರಿನಲ್ಲಿ ನಿಂಬೆ ಇದೆಯೆಂದು ನಿಂಬೆ ಗಿಡದೊಂದಿಗೆ ಸಂಕರ ಮಾಡಿದ್ದಲ್ಲ. ಎರಡೂ ಬೇರೆ ಬೇರೆ ಸಸ್ಯ ಕುಟುಂಬಗಳವು. ಗಾಂಜಾ ತಳಿಗಳನ್ನೇ ಪರಸ್ಪರ ಬೆರೆಸಿ, ಬೇಕಾದ ಘಮದ ಗಿಡವನ್ನು ಆರಿಸಿಕೊಳ್ಳಲಾಗುತ್ತದೆ.

ಲಿಮೊನೀನ್ ಬೇಗ ಆವಿಯಾಗುವ ವಸ್ತು. ಹಿತಮಿತ ಹವೆಯಲ್ಲಿ ಘಮ ಉಳಿದೀತು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಆಳಂದ, ಜೇವರ್ಗಿಗಳ ಬಿಸಿಲಿಗೆ ಅದು ತಡೆಯುವುದು ಕಷ್ಟ.

ಕಲಬುರಗಿ ಜಿಲ್ಲೆಯಲ್ಲಿ ಆಳೆತ್ತರದ ತೊಗರಿಯ ಮರೆಯಲ್ಲಿ ಬೆಳೆದ ಗಾಂಜಾ ಗಿಡಗಳನ್ನು ಪೊಲೀಸರು ಕಿತ್ತುಹಾಕಿದ ಪ್ರಕರಣಗಳಿವೆ. ಘಮ ಯಾವುದಿದ್ದರೂ ಕಾನೂನಿಗೆ ಭೇದವಿಲ್ಲ. 1985ರ ಮಾದಕ ದ್ರವ್ಯ ನಿಯಂತ್ರಣ ಕಾಯ್ದೆಯ 20ನೇ ಕಲಮಿನ ಪ್ರಕಾರ, ಅನುಮತಿಯಿಲ್ಲದೆ ಒಂದೇ ಗಿಡ ಬೆಳೆದರೂ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹೂ-ಕಾಯಿಯ ತುದಿ ಇಲ್ಲದ ಬಿಡಿ ಎಲೆ ಮತ್ತು ಬೀಜ ಮಾತ್ರ ಕಾಯ್ದೆಯ 'ಗಾಂಜಾ' ವ್ಯಾಖ್ಯೆಯಿಂದ ಹೊರಗಿವೆ. ಹಾಗೆಂದು ಗಿಡ ನೆಡಲು ಅದು ರಹದಾರಿಯಲ್ಲ.

ನಾರು, ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡುವುದಕ್ಕೆ 14ನೇ ಕಲಮಿನಲ್ಲಿ ಅವಕಾಶವಿದೆ. ಉತ್ತರಾಖಂಡ ಹೀಗೆ ಪರವಾನಗಿ ನೀಡಿದ್ದು, ಅಲ್ಲಿ ಬೆಳೆಯುವ ಗಿಡದಲ್ಲಿ ಅಮಲಿನ ಅಂಶ ಶೇ 0.3 ಮೀರುವಂತಿಲ್ಲ.