ನೆಗೆತದ ಬಲ ಇರುವುದು ನಡುವಿನಲ್ಲಿ

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಿಂದ ಭೀಮಾ ತೀರದ ಅಫಜಲಪುರ, ಜೇವರ್ಗಿವರೆಗೆ ಜಾತ್ರೆಯ ಕುಸ್ತಿಗೆ ಈಗಲೂ ಮಂದಿ ಮುಗಿಬೀಳುತ್ತಾರೆ. ಕುಸ್ತಿಗೆ ಮೊದಲು ತಾಲೀಮು. ತಾಲೀಮೆಂದರೆ ದಂಡ ಮತ್ತು ಬಸ್ಕಿ. ದಂಡ ಹೊಡೆಯುವಾಗ ದುಡಿಯುವುದು ತೋಳು ಮಾತ್ರವಲ್ಲ, ಹೊಟ್ಟೆ, ಬೆನ್ನು, ಸೊಂಟಕ್ಕೂ ಬಿಡುವಿಲ್ಲ. ಪೈಲ್ವಾನರ ಬಸ್ಕಿಯೂ ಶಾಲೆಯ ಶಿಕ್ಷೆಯ ಬಸ್ಕಿಯಲ್ಲ. ಕೂತು ಏಳುವಾಗ ಪಾದಗಳು ತುಸು ಮುಂದಕ್ಕೆ, ತುಸು ಹಿಂದಕ್ಕೆ ನೆಗೆಯುತ್ತವೆ. ತಾಲೀಮು ಕಲಿಸುವ ವಸ್ತಾದರು ಇದಕ್ಕೆ ಕಾರಣ ಹೇಳುವ ಗೋಜಿಗೆ ಹೋಗಲಿಲ್ಲ. ಎಣಿಕೆ ಹೇಳಿದರು, ಅಷ್ಟೇ.

ಕಾರಣ ಹುಡುಕಿದವರು ದೂರದವರು. 1960ರ ದಶಕದಲ್ಲಿ ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್‌ಸ್ಕಿ ತಮ್ಮ ಜಿಗಿತಗಾರರನ್ನು ಎತ್ತರದ ಪೆಟ್ಟಿಗೆಯಿಂದ ಕೆಳಗಿಳಿಸಿ, ಪಾದ ನೆಲ ಮುಟ್ಟಿದೊಡನೆ ಮೇಲಕ್ಕೆ ಚಿಮ್ಮಿಸತೊಡಗಿದರು. ಇಳಿಯುವಾಗ ಹಿಗ್ಗಿದ ಸ್ನಾಯುರಜ್ಜು ಶಕ್ತಿಯನ್ನು ಹಿಡಿದಿಡುತ್ತದೆ. ತಡಮಾಡಿದರೆ ಅದು ಸೋರಿಹೋಗುತ್ತದೆ. ಈ ಬಗೆಯ ಕಸರತ್ತಿಗೆ 1975ರಲ್ಲಿ ಪ್ಲೈಯೊಮೆಟ್ರಿಕ್ಸ್ ಎಂದು ಹೆಸರಿಟ್ಟವರು ಅಮೆರಿಕದ ಮಾಜಿ ಓಟಗಾರ ಫ್ರೆಡ್ ವಿಲ್ಟ್.

ನಡು, ಅಂದರೆ ಹೊಟ್ಟೆ, ಬೆನ್ನು, ಸೊಂಟದ ಸ್ನಾಯುಗಳ ಸರದಿ ಬಂದದ್ದು ಇನ್ನೂ ತಡವಾಗಿ. 1990ರ ದಶಕದಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್ಸನ್ ಅಳೆದು ನೋಡಿದಾಗ, ಕೈಕಾಲು ಅಲುಗುವ ಮುನ್ನವೇ ಹೊಟ್ಟೆಯ ಒಳಪದರದ ಸ್ನಾಯು ಬಿಗಿಯುವುದು ಕಂಡಿತು. ಸೊಂಟನೋವಿನವರಲ್ಲಿ ಆ ಬಿಗಿತ ತಡವಾಗುತ್ತಿತ್ತು. ಆ ಸಂಶೋಧಕರ ಕಾಳಜಿ ಇದ್ದದ್ದು ನೋವಿನ ಬಗ್ಗೆ, ಪದಕದ ಬಗ್ಗೆಯಲ್ಲ. ಜಿಮ್‌ಗಳು ಮಾತ್ರ ಈ ನಡುವಿಗೆ ‘ಕೋರ್’ ಎಂಬ ಮಾತನ್ನು ಬೇಗ ಬಾಚಿಕೊಂಡವು!

ನೆಗೆತ, ನಡು ಎರಡರ ಕಸರತ್ತನ್ನೂ ಕೂಡಿಸಬೇಕಾದದ್ದು ಯಾಕೆಂದು ತಿಳಿಯಲು ಎತ್ತರ ಜಿಗಿತ ನೋಡಬೇಕು. ನಮ್ಮ ಕರಾವಳಿಯ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಬರೆದರು. ಆ ಮಟ್ಟದಲ್ಲಿ ಓಟವನ್ನು ಮೇಲ್ಮುಖ ಮಾಡಲು ಸಿಗುವ ಸಮಯ ಹೆಚ್ಚೆಂದರೆ ಸೆಕೆಂಡಿನ ಐದನೇ ಒಂದು ಭಾಗ. ಅಷ್ಟರಲ್ಲಿ ನಡು ಕುಸಿದರೆ ಕಾಲು ನೆಲದಿಂದ ಗಳಿಸಿದ ಬಲ ಎದೆಮಟ್ಟಕ್ಕೆ ಪೂರ್ತಿ ಏರುವುದಿಲ್ಲ. ಎದುರಾಳಿಯ ಮೇಲಿಂದ ಹಾರುವ ಕಬಡ್ಡಿ ರೈಡರ್‌ಗೂ ಇದೇ ಲೆಕ್ಕ. ಮೊಣಕೈ ಊರಿ ಮೈಯನ್ನು ನೇರವಾಗಿ ಹಿಡಿಯುವ ಪ್ಲ್ಯಾಂಕ್ ಒಂದನ್ನೇ ಮಾಡಿದವರ ಜಿಗಿತ ಹೆಚ್ಚೇನೂ ಏರದು. ನಡು ಗಟ್ಟಿಯಿಲ್ಲದೆ ಬರೀ ಜಿಗಿದವರ ಮಂಡಿ, ಸೊಂಟ ಉಳಿಯುವುದು ಕಷ್ಟ.

ನಮ್ಮ ಸೀಮೆಯ ಎರೆನೆಲ ಬೇಸಿಗೆಯಲ್ಲಿ ಬಿರಿದು ಕಲ್ಲಾಗುತ್ತದೆ. ಅದರ ಮೇಲೆ ಮಕ್ಕಳನ್ನು ಬೆಂಚಿನಿಂದ ಹಾರಿಸಬೇಡಿ. ದೈಹಿಕ ಶಿಕ್ಷಕರು ಮೊದಲು ಅಖಾಡದ ಹಾಗೆ ಮಣ್ಣು ಸಡಿಲಿಸಿ ಹದಮಾಡಲಿ, ದಂಡ ಮಾಡಿಸಲಿ, ಸದ್ದಿಲ್ಲದೆ ಇಳಿಯುವುದನ್ನು ಕಲಿಸಲಿ. ಜಿಗಿತದ ತರಬೇತಿ ವಾರಕ್ಕೆ ಎರಡು ದಿನ ಸಾಕು, ನಡುವೆ ಒಂದು ದಿನವಾದರೂ ಬಿಡುವಿರಲಿ.